ವಿಮಾನವಾಹಕ ನೌಕೆಯ ಮೇಲೆ ಫೈಟರ್ ಡ್ರೋನ್: 2013ರಲ್ಲೇ ಇಳಿದು ತೋರಿಸಿದ್ದು ಈಗ ಎಲ್ಲಿ ಹೋಯಿತು?

ಚಳ್ಳಕೆರೆ_ಗಾಳಿ

2013ರ ಜುಲೈ 10. ಅಮೆರಿಕದ ಎಕ್ಸ್-47ಬಿ ಅನ್ನೋ ಜೆಟ್ ವಿಮಾನ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ನೌಕೆಯ ಮೇಲೆ ಬಂದಿಳಿಯಿತು. ಒಳಗೆ ಪೈಲಟ್ ಇಲ್ಲ, ಬಾಲದ ರೆಕ್ಕೆಯೂ ಇಲ್ಲ. ವಿಮಾನದ ಕೆಳಗಿನ ಹುಕ್ ಡೆಕ್ ಮೇಲೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿತು, ವಿಮಾನ ನಿಂತಿತು. ಆ ವಿಡಿಯೋ ನಾನು ಈಗಲೂ ಆಗಾಗ ನೋಡುತ್ತೇನೆ. ಇನ್ನು ಹತ್ತು ವರ್ಷದಲ್ಲಿ ನೌಕೆಯ ಮೇಲಿನ ಅರ್ಧ ವಿಮಾನಗಳಿಗೆ ಪೈಲಟ್ ಬೇಕಾಗಲ್ಲ ಅಂತ ಆಗ ಎಷ್ಟೋ ಜನ ಬರೆದಿದ್ದರು.

ಆ ಹತ್ತು ವರ್ಷ ಯಾವಾಗಲೋ ಮುಗಿದಿದೆ. ಎಕ್ಸ್-47ಬಿ ಕತೆ ಅಲ್ಲಿಗೇ ನಿಂತಿತು. ಈಗ ಅಮೆರಿಕದವರು ಮಾಡುತ್ತಿರುವುದು ಬೋಯಿಂಗ್‌ನ ಎಂಕ್ಯೂ-25. ಅದು ಬಾಂಬ್ ಹಾಕಲ್ಲ, ಬೇರೆ ವಿಮಾನಗಳಿಗೆ ಆಕಾಶದಲ್ಲಿ ಇಂಧನ ತುಂಬಿಸುತ್ತೆ. ಫೈಟರ್ ಮಾಡಲು ಹೊರಟವರು ಟ್ಯಾಂಕರ್ ಯಾಕೆ ಮಾಡಿದರು? ತಂತ್ರಜ್ಞಾನ ಸಾಲಲಿಲ್ವಾ, ಪೈಲಟ್‌ಗಳು ಬಿಡಲಿಲ್ವಾ?

ಇನ್ನೊಂದು ಪ್ರಶ್ನೆ. ನಮ್ಮ ವಿಕ್ರಾಂತ್, ವಿಕ್ರಮಾದಿತ್ಯದ ಮೇಲೆ ಇಂಥದ್ದು ಆಗುತ್ತಾ? 2022ರ ಜುಲೈ 1ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಡಿಆರ್‌ಡಿಒದ ಸ್ವಿಫ್ಟ್ ಡ್ರೋನ್ ಹಾರಿದ ಮೇಲೆ ಈ ಪ್ರಶ್ನೆ ತಲೆ ತಿನ್ನುತ್ತಿದೆ. ಅದೂ ಬಾಲ ಇಲ್ಲದ ವಿಮಾನವೇ.

ಬೆಣ್ಣೆದೋಸೆ_ಬ್ರಿಗೇಡ್

ಪೈಲಟ್‌ಗಳು ಬಿಡಲಿಲ್ಲ. ಅಷ್ಟೇ. ಮುಂದಿನ ಪ್ರಶ್ನೆ?

ನಿವೃತ್ತ_ಹಸಿರುಜರ್ಸಿ

ಇಷ್ಟು ಸಲೀಸಾಗಿ ಹೇಳಬೇಡಿ ಸ್ವಾಮಿ. ನಾನು ಐಎನ್‌ಎಸ್ ವಿರಾಟ್ ಕಾಲದಲ್ಲಿ ವಿಮಾನ ನಿರ್ವಹಣೆ ಕಡೆ ಇದ್ದವನು. ವಿಮಾನ ಇಳಿಸುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಇಳಿದ ಮೇಲೆ ಏನಾಗುತ್ತೆ ಅಂತ ಯಾರೂ ಕೇಳಲ್ಲ.

ಡೆಕ್ ಮೇಲೆ ಇಂಜಿನ್ ಸದ್ದಿಗೆ ಮಾತು ಕೇಳಿಸಲ್ಲ. ಎಲ್ಲ ಕೈಸನ್ನೆಯಲ್ಲೇ. ಅಮೆರಿಕದ ನೌಕೆಗಳಲ್ಲಿ ಹಳದಿ ಜರ್ಸಿಯವನು ವಿಮಾನ ನಡೆಸುತ್ತಾನೆ, ಕೆಂಪು ಜರ್ಸಿಯವನು ಆಯುಧ ಕಟ್ಟುತ್ತಾನೆ, ನೇರಳೆಯವನು ಇಂಧನ ಹಾಕುತ್ತಾನೆ. ರಥೋತ್ಸವದಲ್ಲಿ ತೇರಿನ ಗಾಲಿಗೆ ಕಟ್ಟಿಗೆ ಕೊಡುವವರನ್ನು ನೋಡಿದ್ದೀರಲ್ಲ? ಅಷ್ಟೇ ಹತ್ತಿರ, ಅಷ್ಟೇ ಅಪಾಯ, ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ. ಹಳದಿ ಜರ್ಸಿಯವನು ಪೈಲಟ್ ಮುಖ ನೋಡಿ, ಇವನಿಗೆ ಅರ್ಥವಾಯಿತಾ ಇಲ್ವಾ ಅಂತ ತಿಳಿದುಕೊಳ್ಳುತ್ತಾನೆ. ಡ್ರೋನ್‌ಗೆ ಮುಖ ಎಲ್ಲಿದೆ?

ಎಕ್ಸ್-47ಬಿಗೆ ಕೈಸನ್ನೆ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ಒಬ್ಬ ಆಪರೇಟರ್ ತೋಳಿಗೆ ಒಂದು ಕಂಟ್ರೋಲ್ ಯೂನಿಟ್ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದ. ಹಳದಿ ಜರ್ಸಿಯವನ ಸನ್ನೆ ನೋಡಿ ಇವನು ಗುಂಡಿ ಒತ್ತಬೇಕು. ಒಂದು ವಿಮಾನಕ್ಕೆ ಇದು ನಡೆಯುತ್ತೆ. ಇಪ್ಪತ್ತಕ್ಕೆ? ಕತ್ತಲಲ್ಲಿ, ಮಳೆಯಲ್ಲಿ?

ಮಲ್ಲೇಶ್ವರಂ_ಮೆಕ್

ಸರ್, ಅದನ್ನೂ ಪರೀಕ್ಷೆ ಮಾಡಿದ್ದಾರೆ. 2014ರ ಆಗಸ್ಟ್‌ನಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಮೇಲೆ ಎಕ್ಸ್-47ಬಿ ಮತ್ತು ಪೈಲಟ್ ಇರುವ ಎಫ್/ಎ-18 ಫೈಟರ್ ಒಟ್ಟಿಗೆ ಕೆಲಸ ಮಾಡಿದವು. ಡ್ರೋನ್ ಇಳಿದು, ರೆಕ್ಕೆ ಮಡಚಿ, ಒಂದೂವರೆ ನಿಮಿಷದೊಳಗೆ ಜಾಗ ಬಿಟ್ಟುಕೊಡಬೇಕು, ಹಿಂದೆ ಬರುವ ವಿಮಾನಕ್ಕೆ ದಾರಿ ಆಗಬೇಕು. ಅದನ್ನು ಮಾಡಿ ತೋರಿಸಿತು. ಡೆಕ್ ಸಮಸ್ಯೆ ಇದೆ, ಒಪ್ಪುತ್ತೇನೆ. ಆದರೆ ಯೋಜನೆ ನಿಂತಿದ್ದು ಅದರಿಂದಲ್ಲ.

ನಿವೃತ್ತ_ಹಸಿರುಜರ್ಸಿ

ಹಗಲು ಹೊತ್ತು, ಒಳ್ಳೆ ಹವಾಮಾನ, ಒಂದೇ ಡ್ರೋನ್, ಸುತ್ತ ಕಂಪನಿಯ ಇಂಜಿನಿಯರ್‌ಗಳು. ಮಾಡಿ ತೋರಿಸುವುದು ಬೇರೆ, ಆರು ತಿಂಗಳು ಸಮುದ್ರದಲ್ಲಿ ದಿನಾ ಮಾಡುವುದು ಬೇರೆ ಕಣಯ್ಯಾ.

ಕಾಳೀತೀರ

ನಾನು ಕಾರವಾರದವಳು. ವಿಕ್ರಮಾದಿತ್ಯ ಬಂದು ನಿಲ್ಲುವುದು ನಮ್ಮ ಕದಂಬ ನೆಲೆಯಲ್ಲೇ. ಹೊರಗಿನವರಿಗೆ ಅದರ ಹತ್ತಿರ ಹೋಗಲು ಆಗಲ್ಲ. ಮಕ್ಕಳಿಗೆ ಯುದ್ಧನೌಕೆ ತೋರಿಸಬೇಕು ಅಂದರೆ ಟ್ಯಾಗೋರ್ ಬೀಚಿನಲ್ಲಿರುವ ಚಾಪಲ್ ಮ್ಯೂಸಿಯಂಗೆ ಕರೆದುಕೊಂಡು ಬನ್ನಿ. ಅದು ಚಿಕ್ಕದು, ಕ್ಷಿಪಣಿ ಹಡಗು. ವಿಷಯಕ್ಕೆ ಸಂಬಂಧ ಇಲ್ಲ ಅಂತ ಬೈಬೇಡಿ ಮಾರಾಯ್ರೆ.

ನನ್ನ ಸಂಶಯ ಬೇರೆ. ಡೆಕ್ ಅಲೆಗೆ ಮೇಲೆ ಕೆಳಗೆ ಆಗುತ್ತಲ್ಲ, ಕಂಪ್ಯೂಟರ್‌ಗೆ ಅದು ಹೇಗೆ ಗೊತ್ತಾಗುತ್ತೆ? ಯಾರೋ ದೂರದಲ್ಲಿ ಕೂತು ಜಾಯ್‌ಸ್ಟಿಕ್‌ನಲ್ಲಿ ಇಳಿಸುತ್ತಾರಾ?

ಮಲ್ಲೇಶ್ವರಂ_ಮೆಕ್

ಮೇಡಂ, ಜಾಯ್‌ಸ್ಟಿಕ್ ಇಲ್ಲವೇ ಇಲ್ಲ. ಅದೇ ಇದರ ಸ್ವಾರಸ್ಯ. ಹಡಗಿನಲ್ಲಿ ಕೂತ ಆಪರೇಟರ್ ಮೌಸ್ ಕ್ಲಿಕ್ ಮಾಡಿ "ಬಂದು ಇಳಿ" ಅಂತ ಹೇಳುತ್ತಾನೆ, ಅಷ್ಟೇ. ಹಾರಿಸುವುದು ವಿಮಾನದ ಕಂಪ್ಯೂಟರ್. ಹಡಗಿನಲ್ಲೂ ಜಿಪಿಎಸ್, ವಿಮಾನದಲ್ಲೂ ಜಿಪಿಎಸ್. ಎರಡೂ ರೇಡಿಯೋ ಮೂಲಕ ಮಾತಾಡುತ್ತಲೇ ಇರುತ್ತವೆ. ಭೂಮಿಯ ಮೇಲೆ ತಾನು ಎಲ್ಲಿದ್ದೇನೆ ಅನ್ನುವುದು ವಿಮಾನಕ್ಕೆ ಮುಖ್ಯವಲ್ಲ, ಹಡಗಿನ ಆ ತಂತಿಯಿಂದ ಎಷ್ಟು ದೂರ ಇದ್ದೇನೆ ಅನ್ನುವುದು ಮುಖ್ಯ. ಡೆಕ್ ಎದ್ದರೆ, ಓಲಾಡಿದರೆ, ಆ ಲೆಕ್ಕವೂ ಸೆಕೆಂಡಿಗೆ ಹಲವು ಸಲ ಬರುತ್ತೆ.

ಇದರ ಲಾಭ ಈಗ ಪೈಲಟ್ ಇರುವ ವಿಮಾನಗಳಿಗೂ ಸಿಕ್ಕಿದೆ. ಎಫ್-35 ನೌಕೆಗೆ ಇಳಿಯಲು ಬಳಸುವ ಜೆಪಾಲ್ಸ್ ಕೂಡ ಇದೇ ರೀತಿಯದು.

ಬೆಣ್ಣೆದೋಸೆ_ಬ್ರಿಗೇಡ್

ಇಷ್ಟೆಲ್ಲ ಇದ್ದೂ ಎಕ್ಸ್-47ಬಿ ಮೂರನೇ ಸಲ ಇಳಿಯಲು ಆಗದೆ ಓಡಿಹೋಯಿತಲ್ಲ ಗುರು? ಅದನ್ನು ಯಾಕೆ ಯಾರೂ ಹೇಳ್ತಿಲ್ಲ?

ಮಲ್ಲೇಶ್ವರಂ_ಮೆಕ್

ಓಡಿಹೋಗಿದ್ದೇ ಅದರ ಗೆಲುವು ಅಂತ ನಾನು ಹೇಳುತ್ತೇನೆ. ಜುಲೈ 10ರಂದು ಎರಡು ಸಲ ಸರಿಯಾಗಿ ಇಳಿಯಿತು. ಮೂರನೇ ಸಲ ಬರುವಾಗ ದಾರಿ ಲೆಕ್ಕ ಹಾಕುವ ಕಂಪ್ಯೂಟರ್‌ಗಳಲ್ಲಿ ಒಂದು ಕೈಕೊಟ್ಟಿದೆ ಅಂತ ತಾನೇ ಪತ್ತೆ ಮಾಡಿತು. ಹಡಗಿನ ಸಹವಾಸ ಬೇಡ ಅಂತ ವರ್ಜೀನಿಯಾದ ವಾಲಪ್ಸ್ ದ್ವೀಪದ ರನ್‌ವೇಗೆ ಹೋಗಿ ಸುರಕ್ಷಿತವಾಗಿ ಇಳಿಯಿತು. ಐದು ಸಾವಿರ ಜನ ಇರುವ ಹಡಗಿನ ಮೇಲೆ ಸಂಶಯ ಇಟ್ಟುಕೊಂಡು ಇಳಿಯುವುದಕ್ಕಿಂತ ಇದು ಒಳ್ಳೆಯದಲ್ವಾ?

ಬೆಣ್ಣೆದೋಸೆ_ಬ್ರಿಗೇಡ್

ಹತ್ತಿರ ರನ್‌ವೇ ಇತ್ತು, ಬಚಾವ್. ಪೆಸಿಫಿಕ್ ಮಧ್ಯೆ ಆಗಿದ್ದರೆ?

ಮಲ್ಲೇಶ್ವರಂ_ಮೆಕ್

ನಡುಸಮುದ್ರದಲ್ಲಿ ಪೈಲಟ್ ಇದ್ದರೂ ಅದೇ ಗತಿ. ಅವನು ಪ್ಯಾರಾಚೂಟ್‌ನಲ್ಲಿ ಹಾರಬೇಕು, ಅವನನ್ನು ಹುಡುಕಲು ಹೆಲಿಕಾಪ್ಟರ್ ಹೋಗಬೇಕು. ಡ್ರೋನ್ ಮುಳುಗಿದರೆ ಮುಳುಗಿತು.

ಪೇಪರ್_ಓದುಗ

ಮೂಲ ಪ್ರಶ್ನೆಗೆ ಬರೋಣ. ಟ್ಯಾಂಕರ್ ಯಾಕಾಯಿತು?

ಎಕ್ಸ್-47ಬಿ ಬರೀ ಪ್ರಯೋಗದ ವಿಮಾನ. ಇದ್ದದ್ದು ಎರಡೇ. ಅದರ ನಂತರ ಯುಕ್ಲಾಸ್ ಅಂತ ನಿಜವಾದ ಯೋಜನೆ ಬರಬೇಕಿತ್ತು. ಅಲ್ಲಿ ಜಗಳ ಶುರುವಾಯಿತು. ನೌಕಾಪಡೆಯಲ್ಲಿ ಒಂದು ಗುಂಪಿಗೆ ಹಡಗಿನ ಸುತ್ತ ಗಂಟೆಗಟ್ಟಲೆ ಹಾರಾಡಿ ಕಾವಲು ಕಾಯುವ ವಿಮಾನ ಸಾಕಿತ್ತು. ಅವರ ಸಂಸತ್ತಿನಲ್ಲಿ ಕೆಲವರು, ಹೊರಗಿನ ಕೆಲವು ತಜ್ಞರು ಕೇಳಿದ್ದು ಬೇರೆ: ರೇಡಾರ್‌ಗೆ ಕಾಣದ, ದೂರ ಹೋಗಿ ಶತ್ರುವಿನ ಮನೆಯಂಗಳದಲ್ಲೇ ಬಾಂಬ್ ಹಾಕುವ ವಿಮಾನ. ಎರಡನ್ನೂ ಒಂದೇ ವಿಮಾನದಲ್ಲಿ ಅಗ್ಗವಾಗಿ ಮಾಡಲು ಆಗಲ್ಲ. ವರ್ಷಗಟ್ಟಲೆ ಎಳೆದಾಡಿ 2016ರಲ್ಲಿ ಎರಡನ್ನೂ ಬಿಟ್ಟು ಟ್ಯಾಂಕರ್ ಅಂತ ತೀರ್ಮಾನಿಸಿದರು. 2018ರ ಆಗಸ್ಟ್‌ನಲ್ಲಿ ಬೋಯಿಂಗ್‌ಗೆ ನಾಲ್ಕು ವಿಮಾನಗಳಿಗೆ 80.5 ಕೋಟಿ ಡಾಲರ್ ಗುತ್ತಿಗೆ ಸಿಕ್ಕಿತು. ಎಕ್ಸ್-47ಬಿ ಮಾಡಿದ ನಾರ್ತ್‌ರಾಪ್ ಗ್ರಮ್ಮನ್ ಅಷ್ಟರಲ್ಲಿ ಸ್ಪರ್ಧೆಯಿಂದಲೇ ಹೊರಗೆ ಹೋಗಿತ್ತು.

ಟ್ಯಾಂಕರ್ ಅಂದರೆ ಹಗುರವಾಗಿ ನೋಡಬೇಡಿ. ಚೀನಾದ ಡಿಎಫ್-21ಡಿ ಕ್ಷಿಪಣಿ ಸುಮಾರು 1,500 ಕಿ.ಮೀ. ದೂರದ ಹಡಗಿಗೆ ಹೊಡೆಯಬಲ್ಲದು ಅನ್ನುತ್ತಾರೆ. ಅಮೆರಿಕದ ನೌಕೆಗಳ ಫೈಟರ್ ಸೂಪರ್ ಹಾರ್ನೆಟ್ (ಎಫ್/ಎ-18) ಅಷ್ಟು ದೂರ ಹೋಗಿ ವಾಪಸ್ ಬರಲ್ಲ. ಹಾಗಾದರೆ ಹಡಗು ಕ್ಷಿಪಣಿಯ ಅಂಚಿನೊಳಗೆ ಬರಬೇಕು, ಇಲ್ಲವೇ ವಿಮಾನಕ್ಕೆ ದಾರಿಯಲ್ಲಿ ಇಂಧನ ಸಿಗಬೇಕು. ಈಗ ಆ ಕೆಲಸವನ್ನೂ ಸೂಪರ್ ಹಾರ್ನೆಟ್‌ಗಳೇ ಮಾಡುತ್ತಿವೆ. ಫೈಟರ್‌ಗೆ ಟ್ಯಾಂಕ್ ಕಟ್ಟಿ ಇನ್ನೊಂದು ಫೈಟರ್‌ಗೆ ಇಂಧನ ಕೊಡುವುದು. ಇದರಿಂದ ಅವುಗಳ ಆಯುಸ್ಸೂ ಸವೆಯುತ್ತೆ.

ಚಳ್ಳಕೆರೆ_ಗಾಳಿ

ಇದು ಸರಿ ಕಾಣುತ್ತೆ. ಆದರೂ ಒಳಗೊಳಗೆ ಪೈಲಟ್‌ಗಳ ಲಾಬಿ ಇರಲಿಲ್ಲ ಅಂತೀರಾ?

ಪೇಪರ್_ಓದುಗ

ಇರಲಿಲ್ಲ ಅಂತ ಹೇಗೆ ಹೇಳಲಿ? ನೌಕಾಪಡೆಯ ವಿಮಾನ ವಿಭಾಗದಲ್ಲಿ ದೊಡ್ಡ ಕುರ್ಚಿಯಲ್ಲಿ ಕೂರುವವರು ಹೆಚ್ಚಿನವರು ಪೈಲಟ್‌ಗಳೇ. ಆದರೆ ಲಾಬಿಯೇ ಎಲ್ಲವನ್ನೂ ನಿಲ್ಲಿಸಿತು ಅನ್ನುವುದು ಸೋಮಾರಿ ಉತ್ತರ. ಪೈಲಟ್ ಕೆಲಸಕ್ಕೆ ಪೆಟ್ಟು ಕೊಡದೆ ಡೆಕ್ ಮೇಲೆ ಡ್ರೋನ್ ಅಭ್ಯಾಸ ಮಾಡಿಸಲು ಟ್ಯಾಂಕರ್ ಸುಲಭದ ದಾರಿ. 2021ರ ಜೂನ್ 4ರಂದು ಎಂಕ್ಯೂ-25ರ ಪ್ರಯೋಗದ ವಿಮಾನ ಮೊದಲ ಸಲ ಸೂಪರ್ ಹಾರ್ನೆಟ್‌ಗೆ ಇಂಧನ ಕೊಟ್ಟಿತು. ಅದೇ ವರ್ಷ ಎಫ್-35ಸಿಗೂ ಕೊಟ್ಟಿತು. ಡಿಸೆಂಬರ್‌ನಲ್ಲಿ ಬುಷ್ ನೌಕೆಯ ಡೆಕ್ ಮೇಲೆ ಓಡಾಡಿಸಿದರು.

ಹುಬ್ಬಳ್ಳಿ_ಹಕ್ಕಿ

ನೌಕೆಯಿಂದ ಮೊದಲು ಹಾರಿದ ಯುದ್ಧದ ಡ್ರೋನ್ ಎಕ್ಸ್-47ಬಿ, ಅದೇ ದೊಡ್ಡ ದಾಖಲೆ. ಮುಂದೆ ಏನೇ ಬಂದರೂ ಆ ಹೆಸರು ಅಳಿಯಲ್ಲ ಬಿಡ್ರಿ.

ಹಳೇ_ಮ್ಯಾಗಜಿನ್

ತಪ್ಪು. 1952ರ ಆಗಸ್ಟ್ 28, ಕೊರಿಯಾ ಯುದ್ಧ. ಅಮೆರಿಕದ ಬಾಕ್ಸರ್ ನೌಕೆಯಿಂದ ಪೈಲಟ್ ಇಲ್ಲದ ಹೆಲ್‌ಕ್ಯಾಟ್ ವಿಮಾನಗಳನ್ನು ಬಾಂಬ್ ಸಮೇತ ಕಳಿಸಿದ್ದರು. ಎರಡನೇ ಮಹಾಯುದ್ಧದ ಹಳೇ ಫೈಟರ್‌ಗಳು ಅವು. ಅವುಗಳಲ್ಲಿ ಟಿವಿ ಕ್ಯಾಮೆರಾ. ಜೊತೆಗೆ ಹಾರುವ ಸ್ಕೈರೈಡರ್ ವಿಮಾನದಲ್ಲಿ ಕೂತವನು ಪರದೆ ನೋಡಿಕೊಂಡು ರೇಡಿಯೋದಲ್ಲಿ ನಡೆಸಬೇಕು. ಗುರಿ ಹುಂಗ್ನಾಮ್ ಹತ್ತಿರದ ರೈಲು ಸೇತುವೆ. ಕೆಲವು ದಿನಗಳಲ್ಲಿ ಒಟ್ಟು ಆರು ಕಳಿಸಿದರು.

ಅದಕ್ಕೂ ಮೊದಲು, 1946ರಲ್ಲಿ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಯಲ್ಲಿ ಮೋಡದೊಳಗೆ ಹೋಗಿ ಮಾದರಿ ತರಲು ಶಾಂಗ್ರಿ-ಲಾ ನೌಕೆಯಿಂದ ಇಂಥವೇ ಹೆಲ್‌ಕ್ಯಾಟ್ ಹಾರಿದ್ದವು.

ಹುಬ್ಬಳ್ಳಿ_ಹಕ್ಕಿ

ಸೇತುವೆಗೆ ಗುದ್ದಿ ಸಾಯುವುದು ಡ್ರೋನ್ ಏನ್ರೀ? ಅದು ಕ್ಷಿಪಣಿ ಆಯಿತು. ವಾಪಸ್ ಬಂದು ಇಳಿದರೆ ಮಾತ್ರ ವಿಮಾನ ಅನ್ನಬೇಕು.

ಹಳೇ_ಮ್ಯಾಗಜಿನ್

ಆ ಲೆಕ್ಕದಲ್ಲಿ ಈಗ ಉಕ್ರೇನ್‌ನಲ್ಲಿ ಹಾರುತ್ತಿರುವುದರಲ್ಲಿ ಬಹುಪಾಲು ಡ್ರೋನ್ ಅಲ್ಲವೇ ಅಲ್ಲ. ಹೋಗಿ ಅವರಿಗೆ ಹೇಳಿ.

ಉಡುಪಿ_ಟು_ಇಸ್ತಾಂಬುಲ್

ಎಲ್ಲರೂ ಅಮೆರಿಕದಲ್ಲೇ ಸುತ್ತುತ್ತಿದ್ದೀರಿ. ನಾನು ಕೆಲಸದ ಮೇಲೆ ಇಲ್ಲಿ ಟರ್ಕಿಯಲ್ಲಿದ್ದೇನೆ. ಇಲ್ಲಿ ಅನಾದೋಲು ಹಡಗು ಅಂದರೆ ಜನಕ್ಕೆ ಭಾರೀ ಹೆಮ್ಮೆ. 2023ರ ಏಪ್ರಿಲ್‌ನಲ್ಲಿ ಸೇವೆಗೆ ಬಂತು, ಉದ್ದ 232 ಮೀಟರ್. ಮೊದಲು ಇದರ ಮೇಲೆ ಎಫ್-35ಬಿ ಇಡುವ ಆಸೆ ಇತ್ತು. ರಷ್ಯಾದ ಎಸ್-400 ತಗೊಂಡರು ಅಂತ 2019ರಲ್ಲಿ ಅಮೆರಿಕ ಇವರನ್ನು ಎಫ್-35 ಯೋಜನೆಯಿಂದ ಹೊರಗೆ ಹಾಕಿತು. ಹಡಗು ಕಟ್ಟಿ ಆಗಿದೆ, ವಿಮಾನ ಇಲ್ಲ. ಆಗ ಇವರು ಡ್ರೋನ್ ಕಡೆ ತಿರುಗಿದರು. 2024ರ ನವೆಂಬರ್ 19ರಂದು ಬೈರಕ್ತಾರ್ ಟಿಬಿ3 ಡ್ರೋನ್ ಅದೇ ಹಡಗಿನಿಂದ ಏರಿ ಅದೇ ಹಡಗಿಗೆ ಇಳಿಯಿತು. ವಿಮಾನವನ್ನು ಡೆಕ್ ಮೇಲಿಂದ ಎಳೆದು ಎಸೆಯುವ ಕ್ಯಾಟಪಲ್ಟ್ ಇಲ್ಲ, ತಂತಿ ಇಲ್ಲ. ಬರೀ ಸ್ಕೀ ಜಂಪ್, ಅಂದರೆ ಡೆಕ್ ತುದಿಯ ಏರು ದಿಣ್ಣೆ.

ನಮ್ಮ ವಿಕ್ರಾಂತ್‌ಗೂ ಸ್ಕೀ ಜಂಪ್ ಇದೆ. ಹಾಗಾದರೆ ನಮಗೆ ಏನು ಅಡ್ಡಿ?

ಮಲ್ಲೇಶ್ವರಂ_ಮೆಕ್

ಅಣ್ಣಾ, ಟಿಬಿ3 ಜೆಟ್ ಅಲ್ಲ. ಪ್ರೊಪೆಲ್ಲರ್ ವಿಮಾನ, ಪೂರ್ತಿ ತುಂಬಿಸಿದರೂ ಒಂದೂವರೆ ಟನ್ ಆಸುಪಾಸು. ನಿಧಾನಕ್ಕೆ ಹಾರುತ್ತೆ, ಅದಕ್ಕೇ ಚಿಕ್ಕ ಜಾಗದಲ್ಲಿ ಏರುತ್ತೆ, ತಂತಿ ಇಲ್ಲದೆ ನಿಲ್ಲುತ್ತೆ. ಎದುರುಗಾಳಿಗೆ ಹಡಗು ಓಡಿಸಿದರೆ ಇನ್ನೂ ಸಲೀಸು. ಬ್ರಿಟಿಷರೂ 2023ರ ನವೆಂಬರ್‌ನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮೇಲೆ ಮೊಹಾವಿ ಅನ್ನೋ ಪ್ರೊಪೆಲ್ಲರ್ ಡ್ರೋನ್‌ನ ಹೀಗೇ ಏರಿಸಿ ಇಳಿಸಿದರು.

ಎಕ್ಸ್-47ಬಿ ಥರದ ಜೆಟ್ ಬೇಕು ಅಂದರೆ ಸ್ಕೀ ಜಂಪ್ ತೊಂದರೆ ಕೊಡುತ್ತೆ. ಸುಮ್ನೆ ಒಂದು ಲೆಕ್ಕ ಹಾಕಿ. ನಮ್ಮ ನೌಕೆಗಳ ಫೈಟರ್ ಮಿಗ್-29ಕೆ ಗರಿಷ್ಠ ತೂಕ 24.5 ಟನ್. ಎರಡು ಇಂಜಿನ್ ಆಫ್ಟರ್‌ಬರ್ನರ್ ಹಾಕಿ, ಅಂದರೆ ಹಿಂದೆ ಇನ್ನಷ್ಟು ಇಂಧನ ಉರಿಸಿ, ಒಟ್ಟು ಸುಮಾರು 176 ಕಿಲೋನ್ಯೂಟನ್ ಒತ್ತುತ್ತವೆ (ಒಂದು ಟನ್ ತೂಕಕ್ಕೆ ಸುಮಾರು 10 ಕಿಲೋನ್ಯೂಟನ್). ಅಂದರೆ ತೂಕದ ಮುಕ್ಕಾಲು ಭಾಗದ ಹತ್ತಿರ. ನಮ್ಮ ಘಾತಕ್ ಡ್ರೋನ್ 13 ಟನ್ ವರ್ಗದ್ದು ಅಂತ ಪತ್ರಿಕೆಗಳಲ್ಲಿ ಬರುತ್ತಿದೆ. ಅದಕ್ಕೆ ಹಾಕಬೇಕು ಅಂತಿರುವುದು ಆಫ್ಟರ್‌ಬರ್ನರ್ ಇಲ್ಲದ ಕಾವೇರಿ ಇಂಜಿನ್, 50 ಕಿಲೋನ್ಯೂಟನ್ ಆಸುಪಾಸು. ತೂಕದ ಶೇ. 40 ಕೂಡ ಮುಟ್ಟಲ್ಲ. ನೆಲದ ಮೇಲಿನ ಉದ್ದ ರನ್‌ವೇಗೆ ಅದು ಸಾಕು. 200 ಮೀಟರ್ ಓಡಿ 14 ಡಿಗ್ರಿ ದಿಣ್ಣೆ ಹತ್ತಿ ಸಮುದ್ರದ ಮೇಲೆ ನೆಗೆಯಲು ಸಾಲುವುದು ಕಷ್ಟ. ಅಮೆರಿಕದವರಿಗೆ ಕ್ಯಾಟಪಲ್ಟ್ ಇತ್ತು, ಅದಕ್ಕೇ ಒಂದೇ ಇಂಜಿನ್‌ನಲ್ಲಿ ಮುಗಿಸಿದರು.

ಉಡುಪಿ_ಟು_ಇಸ್ತಾಂಬುಲ್

ಇಲ್ಲಿ ಕಿಜಿಲೆಲ್ಮಾ ಅಂತ ಜೆಟ್ ಡ್ರೋನ್ ಕೂಡ ಇದೆ, 2022ರ ಡಿಸೆಂಬರ್‌ನಲ್ಲಿ ಮೊದಲು ಹಾರಿತು. ಅದನ್ನೂ ಇಂಥ ಹಡಗಿನ ಮೇಲೆ ತರುತ್ತೇವೆ ಅನ್ನುತ್ತಾರೆ. ಹಾಗಾದರೆ ಅವರು ಹುಚ್ಚರಾ?

ಮಲ್ಲೇಶ್ವರಂ_ಮೆಕ್

ಅದರ ಮಾಡೆಲ್‌ಗಳಲ್ಲಿ ಆಫ್ಟರ್‌ಬರ್ನರ್ ಇಂಜಿನ್ ಇರುವುದೂ ಇದೆ, ಮುಂದೆ ಚಿಕ್ಕ ರೆಕ್ಕೆಗಳೂ ಇವೆ. ನೌಕೆಯ ಮೇಲೆ ಇಳಿದು ತೋರಿಸಲಿ, ಆಮೇಲೆ ಮಾತಾಡೋಣ.

ಪೇಪರ್_ಓದುಗ

ಚೀನಾ ಬಗ್ಗೆ ಯಾರೂ ಬರೆದಿಲ್ಲ. ನನ್ನ ಪ್ರಕಾರ ನಿಜವಾದ ಉತ್ತರ ಅಲ್ಲಿಂದ ಬರುತ್ತೆ. 2024ರ ಡಿಸೆಂಬರ್ 27ರಂದು ಶಾಂಘೈನಲ್ಲಿ ಸಿಚುವಾನ್ ಅನ್ನೋ ಟೈಪ್ 076 ಹಡಗನ್ನು ನೀರಿಗಿಳಿಸಿದರು. ಸೈನಿಕರನ್ನು ದಡಕ್ಕೆ ಇಳಿಸುವ ಹಡಗು, ಆದರೆ ಅದಕ್ಕೆ ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಇಟ್ಟಿದ್ದಾರೆ. ಸೈನಿಕರನ್ನು ಇಳಿಸುವ ಹಡಗಿಗೆ ಅಷ್ಟು ದುಬಾರಿ ಕ್ಯಾಟಪಲ್ಟ್ ಯಾಕೆ? ಜೆಟ್ ಡ್ರೋನ್ ಹಾರಿಸುವುದಕ್ಕೆ ಅಂತಲೇ ಎಲ್ಲರೂ ಲೆಕ್ಕ ಹಾಕುತ್ತಿದ್ದಾರೆ. ಅವರ ಜಿಜೆ-11 ಡ್ರೋನ್ ನೋಡಿ, ಎಕ್ಸ್-47ಬಿಯ ತಮ್ಮನ ಹಾಗೇ ಇದೆ.

ಅಮೆರಿಕ ಮಾಡಿ ತೋರಿಸಿ ಕೈಬಿಟ್ಟಿದ್ದನ್ನು ಇವರು ಹಡಗೇ ಕಟ್ಟಿ ಮುಂದುವರಿಸುತ್ತಿದ್ದಾರೆ. ಇರಾನ್‌ನವರಂತೂ ಕಂಟೇನರ್ ಹಡಗಿಗೆ ಡೆಕ್ ಹಾಕಿ ಶಹೀದ್ ಬಾಘೇರಿ ಅಂತ ಡ್ರೋನ್ ನೌಕೆ ಮಾಡಿಕೊಂಡರು, 2025ರ ಫೆಬ್ರವರಿಯಲ್ಲಿ.

ಕಾಳೀತೀರ

ನಮ್ಮವರೂ ಏನೋ ಮಾಡಿದ್ದರಲ್ಲ? 2023ರಲ್ಲಿ ತಪಸ್ ಡ್ರೋನ್ ಕಾರವಾರದ ಹತ್ತಿರ ಐಎನ್‌ಎಸ್ ಸುಭದ್ರಾ ಮೇಲೆ ಇಳಿಯಿತು ಅಂತ ನಮ್ಮ ಕಡೆ ಎಲ್ಲರ ಬಾಯಲ್ಲೂ ಇತ್ತು.

ಚಳ್ಳಕೆರೆ_ಗಾಳಿ

ಇಳಿಯಲಿಲ್ಲ ಅಕ್ಕಾ. ಸುಭದ್ರಾ ಗಸ್ತು ಹಡಗು, ತಪಸ್ ಇಳಿಯುವಷ್ಟು ಡೆಕ್ ಅಲ್ಲಿಲ್ಲ. ಆಗಿದ್ದು ಇಷ್ಟು: 2023ರ ಜೂನ್ 16ರಂದು ಬೆಳಿಗ್ಗೆ ತಪಸ್ ನಮ್ಮ ಚಿತ್ರದುರ್ಗದ ರೇಂಜ್‌ನಿಂದ ಏರಿತು. ಅಲ್ಲಿಂದ ಕಾರವಾರ ನೆಲೆ 285 ಕಿ.ಮೀ. ಹಡಗು ಇನ್ನೂ ಸಮುದ್ರದ ಒಳಗಿತ್ತು. 20,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಅದರ ನಿಯಂತ್ರಣವನ್ನು ನೆಲದಿಂದ ಹಡಗಿಗೆ ಕೊಟ್ಟರು. ಸುಮಾರು 40 ನಿಮಿಷ ಹಡಗಿನವರೇ ನಡೆಸಿದರು. ಆಮೇಲೆ ವಾಪಸ್ ಚಿತ್ರದುರ್ಗಕ್ಕೇ ಬಂದು ಇಳಿಯಿತು.

ಬೆಣ್ಣೆದೋಸೆ_ಬ್ರಿಗೇಡ್

40 ನಿಮಿಷ ರಿಮೋಟ್ ಹಿಡಿದಿದ್ದಕ್ಕೆ ಇಷ್ಟು ಪ್ರಚಾರ.

ನಿವೃತ್ತ_ಹಸಿರುಜರ್ಸಿ

ನಗಬೇಡಿ. ನೆಲದವನ ಕೈಯಿಂದ ಹಡಗಿನವನ ಕೈಗೆ ವಿಮಾನ ದಾಟಿಸುವುದು ಈ ಆಟದ ಅರ್ಧ ಭಾಗ. ಯುದ್ಧದಲ್ಲಿ ಆ ರೇಡಿಯೋ ಕೊಂಡಿಯನ್ನು ಜಾಮ್ ಮಾಡುವುದೇ ಶತ್ರುವಿನ ಮೊದಲ ಕೆಲಸ. ಇನ್ನೊಂದು ತೊಂದರೆ ಇದೆ. ಹಡಗು ಡ್ರೋನ್ ಜೊತೆ ರೇಡಿಯೋದಲ್ಲಿ ಮಾತಾಡುತ್ತಾ ಹೋದರೆ, ನಾನಿಲ್ಲಿದ್ದೇನೆ ಅಂತ ತಾನೇ ಕೂಗಿ ಹೇಳಿದ ಹಾಗೆ. ನಮ್ಮ ಕಾಲದಲ್ಲಿ ರೇಡಿಯೋ ಮೌನ ಅಂದರೆ ಪೂರ್ತಿ ಮೌನ. ಡ್ರೋನ್ ಇಟ್ಟುಕೊಂಡು ಮೌನವಾಗಿರಿ ನೋಡೋಣ.

ಕೋಡ್_ಕಡ್ಲೆಪುರಿ

ಅದಕ್ಕೇ ಅಲ್ವಾ ಸರ್ ವಿಮಾನಕ್ಕೇ ಬುದ್ಧಿ ಕೊಡಬೇಕು ಅನ್ನುವುದು. ಹೋಗುವಾಗಲೇ ಕೆಲಸ ಹೇಳಿ ಕಳಿಸಿ, ವಾಪಸ್ ಬರುವವರೆಗೆ ಮಾತೇ ಬೇಡ.

ನಿವೃತ್ತ_ಹಸಿರುಜರ್ಸಿ

ಗುರಿಯ ಹತ್ತಿರ ಮೀನುಗಾರರ ದೋಣಿ ಬಂದರೆ? ಹೊಡೆಯಬೇಕಾ ಬೇಡವಾ ಅಂತ ಯಾರು ಹೇಳುತ್ತಾರೆ? ಮೌನವಾಗಿದ್ದರೆ ಕೇಳಲು ಯಾರೂ ಇಲ್ಲ. ಟ್ಯಾಂಕರ್‌ಗೆ ಆ ತಲೆನೋವು ಇಲ್ಲ. ಅಮೆರಿಕದವರು ಟ್ಯಾಂಕರ್ ಆರಿಸಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಕಾಳೀತೀರ

ಮೀನುಗಾರರ ಮಾತು ಬಂತಲ್ಲ, ನಮ್ಮ ಕಡೆ ನೆಲೆಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳು ಎಷ್ಟೋ. ಅವರ ಕತೆಗೆ ಬೇರೆ ಚರ್ಚೆಯೇ ಬೇಕು.

ಹುಬ್ಬಳ್ಳಿ_ಹಕ್ಕಿ

ಶುರು ಮಾಡ್ರಿ, ಬರ್ತೀವಿ.

ಕೋಡ್_ಕಡ್ಲೆಪುರಿ

ಖರ್ಚಿನ ಮಾತು ಯಾರೂ ಎತ್ತಿಲ್ಲ. ನೌಕೆಯ ಪೈಲಟ್ ಕೈ ಪಳಗಿರಬೇಕು ಅಂದರೆ ಹಗಲು ರಾತ್ರಿ ಇಳಿಯುವ ಅಭ್ಯಾಸ ಮಾಡುತ್ತಲೇ ಇರಬೇಕು. ಅದಕ್ಕೆ ಇಂಧನ, ಹುಕ್, ತಂತಿ, ವಿಮಾನದ ಆಯುಸ್ಸು ಎಲ್ಲ ಖರ್ಚು. ಸಾಫ್ಟ್‌ವೇರ್‌ಗೆ ಒಂದು ಸಲ ಕಲಿಸಿದರೆ ಎಲ್ಲ ವಿಮಾನಕ್ಕೂ ಬಂತು. ಡ್ರೋನ್‌ನ ಶೆಡ್‌ನಲ್ಲೇ ಇಟ್ಟು, ಯುದ್ಧಕ್ಕೆ ಮಾತ್ರ ತೆಗೆಯಬಹುದು.

ನಿವೃತ್ತ_ಹಸಿರುಜರ್ಸಿ

ಶೆಡ್‌ನಲ್ಲೇ ಇಟ್ಟ ವಿಮಾನ ಉಪ್ಪುಗಾಳಿಗೆ ಏನಾಗುತ್ತೆ ಅಂತ ನನ್ನ ಕೇಳಿ. ಪೈಲಟ್‌ಗೆ ಅಭ್ಯಾಸ ಬೇಡ ಸರಿ, ಡೆಕ್ ಹುಡುಗರಿಗೆ? ಅವರು ಯಾವುದರ ಮೇಲೆ ಕಲಿಯಬೇಕು?

ಮಲ್ಲೇಶ್ವರಂ_ಮೆಕ್

ಭಾರತದ ಪ್ರಶ್ನೆಗೆ ಒಂದು ಒಳ್ಳೆ ಸುದ್ದಿ ಸೇರಿಸುತ್ತೇನೆ. ಇಳಿಸುವ ಕಡೆ ನಾವು ಸೊನ್ನೆಯಲ್ಲಿಲ್ಲ. ತೇಜಸ್‌ನ ನೌಕಾಪಡೆ ಮಾದರಿ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ತಂತಿಗೆ ಹುಕ್ ಹಾಕಿ ಇಳಿಯಿತು. ಅದಕ್ಕೂ ಮೊದಲು ಗೋವಾದ ಐಎನ್‌ಎಸ್ ಹಂಸದಲ್ಲಿ, ನೆಲದ ಮೇಲೇ ಕಟ್ಟಿದ ಡೆಕ್‌ನಲ್ಲಿ ಅಭ್ಯಾಸ ಮಾಡಿದ್ದರು. ಆ ಹಾರಾಟ ನಿಯಂತ್ರಣದ ಸಾಫ್ಟ್‌ವೇರ್ ಕೆಲಸ ಬೆಂಗಳೂರಿನದ್ದು. ಸ್ವಿಫ್ಟ್ ಮಾಡಿದ ಡಿಆರ್‌ಡಿಒ ಲ್ಯಾಬ್ ಎಡಿಇ ಇರುವುದೂ ಬೆಂಗಳೂರಲ್ಲೇ. ನೆಲದ ಡೆಕ್ ಹೇಗೂ ಇದೆ, ಅಲ್ಲಿ ಡ್ರೋನ್ ಇಳಿಸಿ ನೋಡಲು ಹಡಗೇ ಬೇಕಿಲ್ಲ.

ಅಡಚಣೆ ಇರುವುದು ಏರುವ ಕಡೆ, ಅಂದರೆ ಇಂಜಿನ್. ಅದಕ್ಕೇ ಮೊದಲು ಟಿಬಿ3 ಥರದ್ದು ಮಾಡಿ ಅಂತ ನಾನು ಹೇಳುವುದು. ವಿಕ್ರಾಂತ್‌ನಿಂದ ಕಾವಲು ಕಾಯಲಿ, ಚಿಕ್ಕ ಬಾಂಬ್ ಹೊರಲಿ. ಫೈಟರ್ ಡ್ರೋನ್ ಆಮೇಲೆ.

ಬೆಣ್ಣೆದೋಸೆ_ಬ್ರಿಗೇಡ್

ಕಾವಲಿಗೆ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ತಗೊಳ್ತಿದ್ದೀವಲ್ಲ, ಅದರಲ್ಲಿ 15 ನೌಕಾಪಡೆಗೇ. 2024ರಲ್ಲಿ ಸಹಿ ಆಗಿದೆ. ಇನ್ನೇನು ಬೇಕು?

ಮಲ್ಲೇಶ್ವರಂ_ಮೆಕ್

ಅವು ದಡದ ರನ್‌ವೇಯಿಂದ ಹಾರುವವು. ರೆಕ್ಕೆ ಅಗಲ 24 ಮೀಟರ್. ವಿಕ್ರಾಂತ್ ಡೆಕ್ ಮೇಲೆ ಅದನ್ನು ನಿಲ್ಲಿಸಿದರೆ ಮಿಗ್‌ಗಳು ಎಲ್ಲಿ ಹೋಗಬೇಕು?

ಬೆಣ್ಣೆದೋಸೆ_ಬ್ರಿಗೇಡ್

ರೆಕ್ಕೆ ಮಡಚಲಿ.

ನಿವೃತ್ತ_ಹಸಿರುಜರ್ಸಿ

ಮಡಚುವ ರೆಕ್ಕೆ ಇಡಲು ಕೀಲು, ಮೋಟಾರ್, ತೂಕ ಎಲ್ಲ ಜಾಸ್ತಿ ಆಗುತ್ತೆ. ಮೊದಲಿನಿಂದಲೇ ಹಡಗಿಗೆ ಅಂತ ಮಾಡಬೇಕು, ಆಮೇಲೆ ಕತ್ತರಿಸಿ ಜೋಡಿಸುವ ಕೆಲಸ ಅಲ್ಲ. ಈಗ ಬರುವ 26 ರಫೇಲ್-ಎಂಗೇ ರೆಕ್ಕೆ ಮಡಚಲು ಬರಲ್ಲ, ಅದನ್ನು ಲಿಫ್ಟ್‌ನಲ್ಲಿ ಇಳಿಸುವುದು ಹೇಗೆ ಅಂತ ಒಂದು ಕಾಲದಲ್ಲಿ ಎಷ್ಟು ಚರ್ಚೆ ಆಯಿತು ಗೊತ್ತಾ?

ಹುಬ್ಬಳ್ಳಿ_ಹಕ್ಕಿ

ಅದನ್ನ ಹೇಳ್ರಿ ಸರ್, ಲಿಫ್ಟ್ ವಿಷಯ ಪೂರ್ತಿ ಬರೀರಿ. ಡ್ರೋನ್ ಆಮೇಲೆ ನೋಡೋಣ.